ಎಂಟು ಸಾವಿರದ ಲೆಕ್ಕ

ಸೀಸದ ಎರಡು ಪರಮಾಣು ಬೀಜಗಳು ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಎದುರುಬದುರಾಗಿ ಬಂದು ಡಿಕ್ಕಿ ಹೊಡೆದರೆ ಎಷ್ಟು ಕಣಗಳು ಸಿಡಿಯುತ್ತವೆ? 1990ರ ದಶಕದ ಮೊದಲ ವರ್ಷಗಳಲ್ಲಿ, ಜಿನೀವಾ ಬಳಿಯ ಸರ್ನ್‌ನಲ್ಲಿ ಆಲಿಸ್ ಎಂಬ ಪ್ರಯೋಗದ ನಕಾಶೆ ಬರೆಯುತ್ತಿದ್ದವರಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಈ ಡಿಕ್ಕಿ ನಡೆಯಬೇಕಿದ್ದ ಎಲ್‌ಎಚ್‌ಸಿ ವೇಗವರ್ಧಕ ಆಗಿನ್ನೂ ಕಾಗದದ ಮೇಲಿನ ಯಂತ್ರ. ಡಿಕ್ಕಿಯ ನಡುಭಾಗದಲ್ಲಿ, ಕೋನದ ಒಂದು ಏಕಮಾನದೊಳಗೆ, ಸುಮಾರು ಎರಡು ಸಾವಿರ ವಿದ್ಯುದಾವಿಷ್ಟ ಕಣಗಳು ಹೊರಡುತ್ತವೆ ಎಂದು ಒಂದು ಲೆಕ್ಕ ಹೇಳಿದರೆ, ಎಂಟು ಸಾವಿರ ಎಂದು ಇನ್ನೊಂದು ಹೇಳುತ್ತಿತ್ತು. ಡಿಟೆಕ್ಟರ್ ಕಟ್ಟುವವರು ಸಣ್ಣ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಎಂಟು ಸಾವಿರಕ್ಕೇ ಅಣಿಯಾದರು.

2010ರ ನವೆಂಬರಿನಲ್ಲಿ ಎಲ್‌ಎಚ್‌ಸಿಯಲ್ಲಿ ಸೀಸಕ್ಕೆ ಸೀಸ ಗುದ್ದಿತು. ಕೆಲವೇ ದಿನಗಳಲ್ಲಿ ಆಲಿಸ್ ತಂಡ ಎಣಿಕೆ ಮುಗಿಸಿ ಪ್ರಕಟಿಸಿದ ಅಂಕಿ 1584. ಅಂಜಿದ್ದರ ಐದನೇ ಒಂದು ಪಾಲು.

ಈ ಎರಡು ಅಂಕಿಗಳ ನಡುವಿನ ವರ್ಷಗಳಲ್ಲಿ, ಮತ್ತು ಅದರ ನಂತರದ ಹತ್ತು ವರ್ಷಗಳಲ್ಲಿ, ಭಾರ ಅಯಾನು ಭೌತಶಾಸ್ತ್ರಕ್ಕೆ, ಅಂದರೆ ಸೀಸದಂಥ ಭಾರದ ಬೀಜಗಳ ಡಿಕ್ಕಿಯ ಅಧ್ಯಯನಕ್ಕೆ, ಬೇಕಾದ ಸಿಲಿಕಾನ್ ಡಿಟೆಕ್ಟರುಗಳು ಬೆಳೆದು ಬಂದ ಬಗೆ ಒಂದು ವಿಚಿತ್ರ ಕಥೆ. ಕಣಗಳ ನೂಕುನುಗ್ಗಲೇ ದೊಡ್ಡ ಶತ್ರು ಎಂದುಕೊಂಡು ಹೊರಟವರಿಗೆ ಕೊನೆಗೆ ಎದುರಾದ ಶತ್ರು ತಾವೇ ಕಟ್ಟಿದ ಡಿಟೆಕ್ಟರಿನ ಮೈ. ಕಣದ ಜಾಡು ಹಿಡಿಯಲು ಇಟ್ಟ ವಸ್ತುವೇ ಕಣವನ್ನು ದಾರಿ ತಪ್ಪಿಸುತ್ತಿತ್ತು.

ಮೊದಲಿಗೆ, ಜಾಡು ಏಕೆ ಬೇಕು? ಬೀಜಗಳು ಗುದ್ದಿದ ಕ್ಷಣದಲ್ಲಿ ಪ್ರೋಟಾನು, ನ್ಯೂಟ್ರಾನುಗಳೆಂಬ ಗಡಿಗಳು ಕರಗಿ, ಅವುಗಳೊಳಗಿನ ಕ್ವಾರ್ಕು-ಗ್ಲುಆನುಗಳು ಒಂದೇ ರಸವಾಗುತ್ತವೆ. ಮಹಾಸ್ಫೋಟದ ನಂತರದ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಇಡೀ ವಿಶ್ವ ಇದ್ದ ಸ್ಥಿತಿ ಅದು. ಪ್ರಯೋಗಾಲಯದಲ್ಲಿ ಅದು ಕಣ್ಣಿಗೆ ಬೀಳುವ ಮೊದಲೇ ಮುಗಿದುಹೋಗಿರುತ್ತದೆ. ಉಳಿಯುವುದು ಹೊರಗೆ ಚಿಮ್ಮಿದ ಸಾವಿರಾರು ಕಣಗಳು. 1986ರಲ್ಲಿ ಸರ್ನ್‌ನ ಎಸ್‌ಪಿಎಸ್ ವೇಗವರ್ಧಕದಲ್ಲಿ ಆಮ್ಲಜನಕದ ಬೀಜಗಳನ್ನು, ಆಮೇಲೆ ಗಂಧಕದ ಬೀಜಗಳನ್ನು ಹಾಯಿಸಿದಾಗ ಎನ್‌ಎ35 ಪ್ರಯೋಗ ಆ ಕಣಗಳ ಜಾಡುಗಳನ್ನು ಸ್ಟ್ರೀಮರ್ ಚೇಂಬರ್ ಎಂಬ ಅನಿಲದ ಪೆಟ್ಟಿಗೆಯೊಳಗೆ ಬೆಳಗಿಸಿ ಫೋಟೋ ಹಿಡಿಯುತ್ತಿತ್ತು. ಆ ಚಿತ್ರಗಳು ಇವತ್ತಿಗೂ ನೋಡಲು ಸುಂದರ. ಆದರೆ ಒಂದೊಂದು ಚಿತ್ರದಲ್ಲೂ ನೂರಾರು ಗೆರೆಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು, ಅದೂ ಗಂಧಕದಂಥ ಹಗುರ ಬೀಜಕ್ಕೆ.

ಅಷ್ಟು ಹೊತ್ತಿಗೆ ಪಕ್ಕದ ಕೇರಿಯಲ್ಲಿ, ಅಂದರೆ ಚಾರ್ಮ್ ಕ್ವಾರ್ಕುಗಳ ಆಯಸ್ಸು ಅಳೆಯುತ್ತಿದ್ದವರ ನಡುವೆ, ಸಿಲಿಕಾನ್ ಕಾಲಿಟ್ಟಾಗಿತ್ತು. ಅರೆವಾಹಕದಿಂದ ಕಣಗಳನ್ನು ಪತ್ತೆ ಮಾಡುವುದು ಹೊಸದೇನಲ್ಲ. ಬೆಲ್ ಪ್ರಯೋಗಾಲಯದ ಕೆನೆತ್ ಮೆಕೇ ಜರ್ಮೇನಿಯಂ ಸಂಧಿಯಿಂದ ಆಲ್ಫಾ ಕಣಗಳನ್ನು ಎಣಿಸಿದ್ದು 1950ರ ಸುಮಾರಿಗೆ. ಕಣವೊಂದು ಸಿಲಿಕಾನ್ ಮೂಲಕ ಹಾದಾಗ ದಾರಿಯುದ್ದಕ್ಕೂ ಎಲೆಕ್ಟ್ರಾನುಗಳನ್ನು ಬಿಡಿಸುತ್ತ ಹೋಗುತ್ತದೆ. ಒಂದು ಎಲೆಕ್ಟ್ರಾನ್ ಬಿಡಿಸಲು ಬೇಕಾದದ್ದು ಸುಮಾರು 3.6 ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಅನಿಲದಲ್ಲಿ ಬೇಕಾಗುವುದಕ್ಕಿಂತ ಎಷ್ಟೋ ಕಡಿಮೆ. 300 ಮೈಕ್ರಾನ್ ದಪ್ಪದ ಬಿಲ್ಲೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಎಲೆಕ್ಟ್ರಾನುಗಳು ಸಿಗುತ್ತವೆ. ತೊಡಕಿದ್ದದ್ದು ಬೇರೆಡೆ. ಕಣವೇ ಹಾಯದಿದ್ದಾಗಲೂ ಬಿಲ್ಲೆಯಲ್ಲಿ ಒಸರುತ್ತಿದ್ದ ವಿದ್ಯುತ್ತು ಈ ಸಣ್ಣ ಸಂಕೇತವನ್ನು ಮುಳುಗಿಸುತ್ತಿತ್ತು. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಯೋಸೆಫ್ ಕೆಮ್ಮರ್ 1980ರಲ್ಲಿ, ಐಸಿ ತಯಾರಿಕೆಯಲ್ಲಿ ಬಳಕೆಯಲ್ಲಿದ್ದ ಪ್ಲೇನಾರ್ ವಿಧಾನವನ್ನೇ ಡಿಟೆಕ್ಟರುಗಳಿಗೆ ಒಗ್ಗಿಸಿ ಆ ಒಸರನ್ನು ಬಹುಪಾಲು ನಿಲ್ಲಿಸಿದ. ಅದೇ ಕಾಲಕ್ಕೆ ಸರ್ನ್‌ನಲ್ಲಿ ಎರಿಕ್ ಹೈನೆ ಮತ್ತು ಸಂಗಡಿಗರು ಬಿಲ್ಲೆಯ ಮೇಲೆ ಸಣ್ಣ ಸಣ್ಣ ಪಟ್ಟಿಗಳನ್ನು ಕೊರೆದು ಪರೀಕ್ಷಿಸುತ್ತಿದ್ದರು. ಎನ್‌ಎ11 ಪ್ರಯೋಗದಲ್ಲಿ ಇಂಥ ಪಟ್ಟಿಗಳ ನಡುವಿನ ಅಂತರ 20 ಮೈಕ್ರಾನ್. ಕಣ ಹಾದ ಜಾಗ ಸುಮಾರು ಐದು ಮೈಕ್ರಾನಿನ ನಿಖರತೆಯಲ್ಲಿ ಸಿಗುತ್ತಿತ್ತು. ಬಿಲ್ಲೆ ಅಂಗೈಗಿಂತ ಚಿಕ್ಕದು, ಅದನ್ನು ಓದುವ ಎಲೆಕ್ಟ್ರಾನಿಕ್ಸ್ ಅದರ ಎಷ್ಟೋ ಪಟ್ಟು ದೊಡ್ಡದು.

ಪಟ್ಟಿಗಳಿಗೆ ಒಂದು ಹುಟ್ಟುಗುಣವಿದೆ. ಒಂದು ಪಟ್ಟಿ ಒಂದೇ ದಿಕ್ಕಿನ ಅಳತೆ ಕೊಡುತ್ತದೆ. ಇನ್ನೊಂದು ದಿಕ್ಕಿಗೆ ಅಡ್ಡಪಟ್ಟಿಗಳನ್ನು ಇಡಬೇಕು. ಒಂದು ಕಣ ಬಂದರೆ ಉದ್ದಪಟ್ಟಿ, ಅಡ್ಡಪಟ್ಟಿ ಸೇರುವ ಜಾಗ ಒಂದೇ. ಹತ್ತು ಕಣಗಳು ಒಟ್ಟಿಗೆ ಬಂದರೆ ಕೂಡುವ ಜಾಗಗಳು ನೂರು. ಅವುಗಳಲ್ಲಿ ತೊಂಬತ್ತು ಸುಳ್ಳು. ಪ್ರೋಟಾನ್ ಡಿಕ್ಕಿಯಲ್ಲಿ ನಿಭಾಯಿಸಬಹುದಾದ ಈ ಗೊಂದಲ ಸೀಸದ ಡಿಕ್ಕಿಯಲ್ಲಿ ಕೈಮೀರುತ್ತದೆ. ಹಾಗಾಗಿ ಭಾರ ಅಯಾನಿನವರಿಗೆ ಬೇರೆ ದಾರಿ ಬೇಕಿತ್ತು. ಎರಡು ದಾರಿಗಳು ಕಂಡವು, ಒಂದು ಬಹಳ ಚೆಂದದ್ದು, ಇನ್ನೊಂದು ಬಹಳ ಒರಟಾದದ್ದು.

ಚೆಂದದ ದಾರಿಯನ್ನು ಕಂಡವರು ಮಿಲಾನಿನ ಎಮಿಲಿಯೋ ಗಾಟ್ಟಿ ಮತ್ತು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಪಾವೆಲ್ ರೆಹಾಕ್. 1980ರ ದಶಕದ ನಡುವೆ ಅವರು ಮುಂದಿಟ್ಟ ಸಿಲಿಕಾನ್ ಡ್ರಿಫ್ಟ್ ಡಿಟೆಕ್ಟರಿನ ಆಲೋಚನೆ ಹೀಗಿತ್ತು: ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ಹುಟ್ಟಿದಲ್ಲೇ ಹಿಡಿಯುವ ಬದಲು, ಬಿಲ್ಲೆಯ ಎರಡು ಮುಖಗಳ ನಡುವೆ ವಿದ್ಯುತ್ ಕ್ಷೇತ್ರದ ಇಳಿಜಾರು ಮಾಡಿ ಅಂಚಿನವರೆಗೆ ಹರಿಯಬಿಡುವುದು. ಕಾಲುವೆಯ ಹರಿವು ಗೊತ್ತಿದ್ದರೆ, ತೂಬಿಗೆ ಬಂದ ಎಲೆ ಎಷ್ಟು ಹೊತ್ತಿಗೆ ಬಂತು ಎಂಬುದರಿಂದಲೇ ಎಲ್ಲಿ ಬಿದ್ದಿತ್ತು ಎಂದು ಹೇಳಬಹುದಲ್ಲ, ಹಾಗೆ. ಒಂದು ದಿಕ್ಕಿನ ಅಳತೆ ಹಿಡಿಯುವ ತಂತಿಯಿಂದ, ಇನ್ನೊಂದು ದಿಕ್ಕಿನದು ಗಡಿಯಾರದಿಂದ. ಸುಳ್ಳು ಜಾಗಗಳ ಕಾಟವಿಲ್ಲ, ಓದುವ ತಂತಿಗಳೂ ಕಡಿಮೆ. ಸರ್ನ್‌ನ ಸೆರೆಸ್ ಪ್ರಯೋಗ ನಡುವೆ ತೂತಿರುವ ದುಂಡನೆಯ ಡ್ರಿಫ್ಟ್ ಬಿಲ್ಲೆಗಳನ್ನು 1990ರ ದಶಕದಲ್ಲಿ ಬಳಸಿತು. ಬ್ರೂಕ್‌ಹೇವನ್ನಿನ ಸ್ಟಾರ್ ಪ್ರಯೋಗ 216 ಬಿಲ್ಲೆಗಳ ಮೂರು ಪದರ ಕಟ್ಟಿತು. ಆಲಿಸ್ ತನ್ನ ಆರು ಪದರಗಳಲ್ಲಿ ನಡುವಿನ ಎರಡನ್ನು ಇದಕ್ಕೇ ಮೀಸಲಿಟ್ಟಿತು.

ಆಲಿಸ್‌ನ ಡ್ರಿಫ್ಟ್ ಬಿಲ್ಲೆಗಳ ತಯಾರಿಯ ವಿವರ ಕೇಳಿದರೆ ಯಾಕೆ ಇಷ್ಟು ಶ್ರಮ ಎನ್ನಿಸುತ್ತದೆ. ಹರಿವು ಎಲ್ಲೆಡೆ ಒಂದೇ ಸಮನಾಗಿರಬೇಕಾದರೆ ಸಿಲಿಕಾನಿನೊಳಗಿನ ಕಲಬೆರಕೆ ಕೂಡ ಒಂದೇ ಸಮನಾಗಿರಬೇಕು. ಕುಲುಮೆಯಲ್ಲಿ ಬೆರೆಸಿದ ರಂಜಕ ಅಷ್ಟು ಸಮವಾಗಿ ಕೂರುವುದಿಲ್ಲ. ಆದ್ದರಿಂದ ಶುದ್ಧ ಸಿಲಿಕಾನನ್ನು ಪರಮಾಣು ರಿಯಾಕ್ಟರಿನ ನ್ಯೂಟ್ರಾನುಗಳಿಗೆ ಒಡ್ಡುತ್ತಾರೆ. ಅಲ್ಲೊಂದು ಇಲ್ಲೊಂದು ಸಿಲಿಕಾನ್ ಪರಮಾಣು ನ್ಯೂಟ್ರಾನ್ ನುಂಗಿ ತಾನೇ ರಂಜಕವಾಗಿ ಬದಲಾಗುತ್ತದೆ. ಹೀಗೆ ಸಿದ್ಧವಾದ 260 ಬಿಲ್ಲೆಗಳಲ್ಲಿ ಎಲೆಕ್ಟ್ರಾನುಗಳು ಸಾಗಬೇಕಾದ ಗರಿಷ್ಠ ದೂರ 35 ಮಿಲಿಮೀಟರ್, ಹಿಡಿಯುವ ಕಾಲ ಐದು ಮೈಕ್ರೋಸೆಕೆಂಡುಗಳ ಆಸುಪಾಸು. ಆದರೆ ಆ ಹರಿವಿನ ವೇಗ ತಾಪಕ್ಕೆ ತಕ್ಕಂತೆ ಬದಲಾಗುತ್ತದೆ, ಒಂದು ಡಿಗ್ರಿಗೆ ಶೇಕಡಾ 0.8ರಷ್ಟು. ದೂರದ ಕೊನೆಯಲ್ಲಿ ಹುಟ್ಟಿದ ಎಲೆಕ್ಟ್ರಾನಿನ ಮಟ್ಟಿಗೆ ಅದು ಕಾಲು ಮಿಲಿಮೀಟರಿಗೂ ಹೆಚ್ಚಿನ ತಪ್ಪು. ಹಾಗಾಗಿ ಬಿಲ್ಲೆಯ ಮೇಲೇ, ಗೊತ್ತಿರುವ ಜಾಗಗಳಿಂದ ಎಲೆಕ್ಟ್ರಾನುಗಳನ್ನು ಸುರಿಯುವ ಪುಟ್ಟ ಸಾಧನಗಳನ್ನು ಇಟ್ಟು, ವೇಗವನ್ನು ಮತ್ತೆ ಮತ್ತೆ ಅಳೆಯುತ್ತಿದ್ದರು. ಟ್ಯೂರಿನ್ ಮತ್ತು ಟ್ರಿಯೆಸ್ತೆಯ ತಂಡಗಳು ವರ್ಷಗಟ್ಟಲೆ ಇದರ ಮೇಲೆ ಕೂತವು. ನನ್ನ ಕಣ್ಣಿಗೆ ಈ ಇಡೀ ಇತಿಹಾಸದಲ್ಲಿ ಇದರಷ್ಟು ಜಾಣ ಸಾಧನ ಇನ್ನೊಂದಿಲ್ಲ. ಮುಂದುವರಿಯದೆ ಹೋದದ್ದೂ ಇದೇ.

ಒರಟಾದ ದಾರಿ ಪಿಕ್ಸೆಲ್. ಪಟ್ಟಿ ಬೇಡ, ಕಾಲುವೆ ಬೇಡ; ಬಿಲ್ಲೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದು, ಪ್ರತಿ ಚೌಕಕ್ಕೂ ಅದರದೇ ಎಲೆಕ್ಟ್ರಾನಿಕ್ಸ್ ಕೊಟ್ಟುಬಿಡುವುದು. ಲಕ್ಷ ಚೌಕಗಳಿಗೆ ಲಕ್ಷ ವರ್ಧಕಗಳು. ಅದಕ್ಕಾಗಿ ಎರಡು ತುಂಡುಗಳು ಬೇಕು: ಕಣವನ್ನು ಗ್ರಹಿಸುವ ಬಿಲ್ಲೆ ಒಂದು, ಅದರ ಬೆನ್ನಿಗೆ ಕೂರುವ ಚಿಪ್ ಇನ್ನೊಂದು. ಕೂದಲಿಗಿಂತ ಸಣ್ಣ ಬೆಸುಗೆಯ ಹನಿಗಳು ಒಂದೊಂದು ಚೌಕವನ್ನೂ ಚಿಪ್ಪಿಗೆ ಅಂಟಿಸುತ್ತವೆ. ಹೈನೆ ನೇತೃತ್ವದ ಆರ್‌ಡಿ19 ಎಂಬ ಕೂಟ ಸರ್ನ್‌ನಲ್ಲಿ ಇದನ್ನು ರೂಪಿಸಿತು. ಇದು ಮೊದಲು ಹೊಲಕ್ಕಿಳಿದದ್ದು ಪ್ರೋಟಾನ್ ಪ್ರಯೋಗದಲ್ಲಲ್ಲ, ಭಾರ ಅಯಾನು ಪ್ರಯೋಗದಲ್ಲಿ ಎಂಬುದನ್ನು ಗಮನಿಸಬೇಕು. ಎಸ್‌ಪಿಎಸ್‌ಗೆ 1994ರಲ್ಲಿ ಸೀಸದ ಬೀಜಗಳು ಬಂದಾಗ ಡಬ್ಲ್ಯೂಎ97 ಪ್ರಯೋಗದ ಮಂದಿ ಐದು ಸೆಂಟಿಮೀಟರ್ ಅಗಲದ, ಲಕ್ಷಗಟ್ಟಲೆ ಪಿಕ್ಸೆಲ್‌ಗಳ ಪುಟ್ಟ ‘ದೂರದರ್ಶಕ’ವೊಂದನ್ನು, ಅಂದರೆ ಒಂದರ ಹಿಂದೊಂದು ನಿಂತ ಪದರಗಳ ಸಾಲನ್ನು, ಅಯಸ್ಕಾಂತದೊಳಗೆ ನಿಲ್ಲಿಸಿದರು. ಅವರು ಹುಡುಕುತ್ತಿದ್ದದ್ದು ಸ್ಟ್ರೇಂಜ್ ಕ್ವಾರ್ಕುಗಳಿರುವ ಕಣಗಳನ್ನು. ಕ್ವಾರ್ಕು-ಗ್ಲುಆನ್ ರಸ ನಿಜಕ್ಕೂ ಹುಟ್ಟಿದ್ದರೆ ಅಂಥ ಕಣಗಳು ಹೆಚ್ಚಬೇಕೆಂದು ಯೋಹಾನ್ ರಾಫೆಲ್ಸ್‌ಕಿ ಮತ್ತು ಬರ್ಂಡ್ ಮ್ಯೂಲರ್ 1982ರಲ್ಲಿ ಹೇಳಿದ್ದರು. ಹೆಚ್ಚಿದ್ದವು. ಮೂರು ಸ್ಟ್ರೇಂಜ್ ಕ್ವಾರ್ಕುಗಳಿರುವ ಒಮೆಗಾ ಕಣವಂತೂ ಹತ್ತು ಪಟ್ಟಿಗೂ ಮೀರಿ ಹೆಚ್ಚಿತ್ತು. 2000ದ ಫೆಬ್ರುವರಿಯಲ್ಲಿ ಸರ್ನ್ ಹೊಸ ದ್ರವ್ಯಸ್ಥಿತಿಯ ಕುರುಹು ಸಿಕ್ಕಿದೆಯೆಂದು ಸಾರಿದಾಗ ಮುಂದಿಟ್ಟ ಸಾಕ್ಷ್ಯಗಳಲ್ಲಿ ಇದೂ ಒಂದು. ಇದೇ ಪಿಕ್ಸೆಲ್ ಚಿಪ್ಪಿನ ಕವಲೊಂದು ಮೆಡಿಪಿಕ್ಸ್ ಎಂಬ ಹೆಸರಿನಲ್ಲಿ ವೈದ್ಯಕೀಯ ಎಕ್ಸ್-ರೇ ಚಿತ್ರಗಳ ಕಡೆ ಹೊರಳಿ ಅಲ್ಲಿ ಬೇರೆಯದೇ ಸಂಸಾರ ಹೂಡಿತು.

ಇನ್ನೊಂದು ಎಸ್‌ಪಿಎಸ್ ಪ್ರಯೋಗ ಎನ್‌ಎ60ರ ಮಾತು ಹೇಳದೆ ಮುಂದೆ ಹೋಗಲಾಗದು. ಮ್ಯುಆನ್ ಕಣಗಳನ್ನು ಅಳೆಯಲು ಮೊದಲು ದಪ್ಪನೆಯ ತಡೆಗೋಡೆ ಕಟ್ಟಿ ಉಳಿದೆಲ್ಲ ಕಣಗಳನ್ನು ಅಲ್ಲೇ ನಿಲ್ಲಿಸುತ್ತಾರೆ. ಗೋಡೆ ದಾಟಿ ಬರುವ ಮ್ಯುಆನ್ ದಾರಿಯಲ್ಲಿ ಸಾಕಷ್ಟು ಬಳಲಿರುತ್ತದೆ. ಅದು ಎಲ್ಲಿಂದ, ಯಾವ ಕೋನದಲ್ಲಿ ಹೊರಟಿತ್ತೆಂದು ಹೇಳುವುದು ಕಷ್ಟ. ಎನ್‌ಎ60 ಗೋಡೆಗೂ ಮೊದಲೇ, ಗುರಿಗೆ ಒತ್ತಿಕೊಂಡಂತೆ, ಪಿಕ್ಸೆಲ್ ಪದರಗಳನ್ನು ಇಟ್ಟಿತು. 2003ರಲ್ಲಿ ಇಂಡಿಯಂ ಬೀಜಗಳನ್ನು ಗುದ್ದಿಸಿ ಪಡೆದ ದತ್ತಾಂಶದಲ್ಲಿ ದ್ರವ್ಯರಾಶಿಯ ಅಳತೆಯ ಮಸುಕು ಸುಮಾರು 80 ಎಂಇವಿಯಿಂದ 20ಕ್ಕೆ ಇಳಿಯಿತು. ಬಿಸಿ ದ್ರವ್ಯದೊಳಗೆ ರೋ ಎಂಬ ಕಣದ ರೂಪ ಹರಡಿಕೊಳ್ಳುತ್ತದೆ ಎಂಬುದು ಆಗ ಸ್ಪಷ್ಟವಾಗಿ ಕಂಡಿತು.

ಅಟ್ಲಾಂಟಿಕ್‌ನ ಆಚೆ, ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ, ಬ್ರೂಕ್‌ಹೇವನ್ನಿನ ಆರ್‌ಎಚ್‌ಐಸಿ 2000ದಲ್ಲಿ ಚಿನ್ನದ ಬೀಜಗಳನ್ನು ಗುದ್ದಿಸತೊಡಗಿತು. ಅಲ್ಲಿನ ನಾಲ್ಕು ಪ್ರಯೋಗಗಳಲ್ಲಿ ಚಿಕ್ಕದಾದ ಫೋಬೋಸ್ ಹೆಚ್ಚುಕಡಿಮೆ ಪೂರ್ತಿ ಸಿಲಿಕಾನ್. ಎಂಐಟಿಯ ವಿಟ್ ಬುಷಾ ಅದರ ಮುಂದಾಳು. ಬಿಲ್ಲೆಗಳು ತೈವಾನಿನ ಶಿಂಚುವಿನಲ್ಲಿ ತಯಾರಾದವು. ಆರ್‌ಎಚ್‌ಐಸಿಯ ಮೊತ್ತಮೊದಲ ಫಲಿತಾಂಶ ಬಂದದ್ದು ಈ ಪುಟ್ಟ ಪ್ರಯೋಗದಿಂದಲೇ: 130 ಜಿಇವಿ ಶಕ್ತಿಯಲ್ಲಿ ನಡುಭಾಗದ ಕಣಗಳು 555. ಅದು ಹಲವು ಸಿದ್ಧಾಂತಗಳು ಹೇಳಿದ್ದಕ್ಕಿಂತ ಕಡಿಮೆ. ಎಂಟು ಸಾವಿರದ ಭಯ ಅಲ್ಲಿಂದಲೇ ಇಳಿಯತೊಡಗಿತು. ಅಷ್ಟರಲ್ಲಿ ಆಲಿಸ್‌ನ ಒಳ ಡಿಟೆಕ್ಟರಿನ ನಕಾಶೆ ತೀರ್ಮಾನವಾಗಿತ್ತು. ಅದರ ತಾಂತ್ರಿಕ ವಿನ್ಯಾಸದ ವರದಿ 1999ರದ್ದು.

ಆ ವರದಿಯಂತೆ ಕಟ್ಟಿದ ಯಂತ್ರ ಮೂರೂ ಕುಲಗಳನ್ನು ಒಂದೇ ಮನೆಯಲ್ಲಿ ಕೂರಿಸಿತು. ಒಳಗೆ, ಕಿರಣದಿಂದ 3.9 ಮತ್ತು 7.6 ಸೆಂಟಿಮೀಟರ್ ದೂರದಲ್ಲಿ, 98 ಲಕ್ಷ ಪಿಕ್ಸೆಲ್‌ಗಳ ಎರಡು ಪದರ. ಅದರಾಚೆ ಎರಡು ಡ್ರಿಫ್ಟ್. ಕಣಸಂದಣಿ ವಿರಳವಾಗುವ ಹೊರಗಡೆ ಎರಡು ಪಟ್ಟಿಯ ಪದರ. 2008ರ ಜೂನ್‌ನಲ್ಲಿ, ಎಲ್‌ಎಚ್‌ಸಿಗೆ ಕಿರಣ ತರುವ ಸುರಂಗವನ್ನು ಪರೀಕ್ಷಿಸುತ್ತಿದ್ದಾಗ, ಕೊನೆಯ ತಡೆಗೆ ಬಡಿದ ಪ್ರೋಟಾನುಗಳಿಂದ ಹುಟ್ಟಿದ ಮ್ಯುಆನುಗಳು ಬಂಡೆ ದಾಟಿ ಬಂದು ಈ ಪದರಗಳಲ್ಲಿ ಜಾಡು ಬಿಟ್ಟವು. ಮರುವರ್ಷ ನವೆಂಬರ್ 23ರಂದು ಎಲ್‌ಎಚ್‌ಸಿಯಲ್ಲಿ ಮೊದಲ ಪ್ರೋಟಾನ್ ಡಿಕ್ಕಿಗಳು ನಡೆದಾಗ ಆಲಿಸ್ ತಂಡ ಸಿಕ್ಕಿದ 284 ಡಿಕ್ಕಿಗಳನ್ನೇ ಹಿಡಿದು, ಪಿಕ್ಸೆಲ್ ಪದರಗಳ ದತ್ತಾಂಶದಿಂದ, ವಾರದೊಳಗೆ ಪ್ರಬಂಧ ಬರೆದು ಕಳಿಸಿತು. ಎಲ್‌ಎಚ್‌ಸಿ ಡಿಕ್ಕಿಗಳ ಮೊದಲ ಪ್ರಬಂಧ ಅದು. ದೊಡ್ಡ ಅಣ್ಣಂದಿರಾದ ಅಟ್ಲಾಸ್, ಸಿಎಂಎಸ್‌ಗಳಿಗಿಂತ ಮೊದಲು ಹೊರಟಿತೆಂಬ ಹೆಮ್ಮೆ ಆಲಿಸ್‌ನವರ ಮಾತಿನಲ್ಲಿ ಈಗಲೂ ಇಣುಕುತ್ತದೆ.

ಹೆಮ್ಮೆಯ ಹಿಂದೆ ತಾಪತ್ರಯವೂ ಇತ್ತು. ಪಿಕ್ಸೆಲ್ ಪದರಗಳನ್ನು ತಣಿಸುವ ದ್ರವದ ಸೋಸುಗಗಳು ಕಟ್ಟಿಕೊಂಡು, ಕೆಲವು ಭಾಗಗಳನ್ನು ಆರಿಸಿಡಬೇಕಾಯಿತು. ಸೋಸುಗಗಳಿದ್ದದ್ದು ಡಿಟೆಕ್ಟರಿನ ಹೊಟ್ಟೆಯೊಳಗೆ, ಕೈ ಎಟುಕದಲ್ಲಿ. 2012ರ ಆರಂಭದ ಬಿಡುವಿನಲ್ಲಿ ಎಂಜಿನಿಯರುಗಳು ಕೊಳವೆಯೊಳಗೆ ಮೀಟರುಗಟ್ಟಲೆ ಉದ್ದದ ಬಾಗುವ ತಂತಿ ತೂರಿಸಿ, ಅದರ ತುದಿಯ ಕೊರೆಯುಳಿಯಿಂದ ಸೋಸುಗಗಳನ್ನೇ ತೂತು ಮಾಡಿ ದ್ರವ ಹರಿಸಿದರು. ಕಣಭೌತಶಾಸ್ತ್ರದ ಪ್ರಬಂಧಗಳಲ್ಲಿ ಇಂಥ ಕೊಳಾಯಿ ಕೆಲಸಕ್ಕೆ ಜಾಗ ಸಿಗುವುದು ಅಪರೂಪ.

ನಿಜವಾದ ಮಿತಿ ಬೇರೆಯದೇ ಇತ್ತು. ಕಣವೊಂದು ವಸ್ತುವಿನ ಮೂಲಕ ಹಾದಾಗ ಅಲ್ಲಿನ ಪರಮಾಣುಗಳಿಂದ ಒಂದಿಷ್ಟು ತಳ್ಳಿಸಿಕೊಂಡು ಬಾಗುತ್ತದೆ; ನಿಧಾನದ ಕಣ ಹೆಚ್ಚು ಬಾಗುತ್ತದೆ. ಭಾರ ಅಯಾನು ಡಿಕ್ಕಿಯಲ್ಲಿ ಹೊರಡುವ ಬಹುಪಾಲು ಕಣಗಳು ನಿಧಾನದವೇ. ಇತ್ತ ಭೌತವಿಜ್ಞಾನಿಗಳಿಗೆ ಬೇಕಿದ್ದ ಚಾರ್ಮ್ ಕ್ವಾರ್ಕಿನ ಡಿ-ಜೀರೋ ಮೆಸಾನ್ ಹುಟ್ಟಿದ ಜಾಗದಿಂದ ಕೂದಲಿನ ಒಂದೆರಡು ಪಟ್ಟು ದೂರ ಹೋಗುವಷ್ಟರಲ್ಲಿ ಒಡೆದುಹೋಗುತ್ತದೆ. ಅದರ ಆಯಸ್ಸನ್ನು ಬೆಳಕಿನ ವೇಗದಿಂದ ಗುಣಿಸಿದರೆ ಬರುವುದು 123 ಮೈಕ್ರಾನ್. ಒಡೆದ ಚೂರುಗಳ ಜಾಡನ್ನು ಹಿಂದಕ್ಕೆ ಎಳೆದು ಆ ಸಣ್ಣ ಅಂತರ ಕಾಣಬೇಕು. ಮೊದಲ ಪದರದಲ್ಲೇ ಜಾಡು ಬಾಗಿದರೆ ಪಿಕ್ಸೆಲ್ ಎಷ್ಟು ಚಿಕ್ಕದಾದರೂ ಪ್ರಯೋಜನವಿಲ್ಲ. ಆಲಿಸ್‌ನ ಒಂದೊಂದು ಪಿಕ್ಸೆಲ್ ಪದರದ ಅಡಚಣೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪದ ಸಿಲಿಕಾನ್ ಹಾಳೆಗೆ ಸಮವಾಗಿತ್ತು. ಅದರಲ್ಲಿ ಗ್ರಹಿಸುವ ಬಿಲ್ಲೆ 200 ಮೈಕ್ರಾನ್, ಚಿಪ್ 150. ಮಿಕ್ಕಿದ್ದೆಲ್ಲ ವಿದ್ಯುತ್ ತಂತಿ, ತಣಿಸುವ ಕೊಳವೆ, ಹಿಡಿದಿಡುವ ಇಂಗಾಲದ ನಾರಿನ ಚೌಕಟ್ಟು, ಅಂಟು. ಸ್ಟಾರ್ ಪ್ರಯೋಗಕ್ಕೂ ಇದೇ ಅನುಭವ: ಅಲ್ಲಿನ ಡ್ರಿಫ್ಟ್ ಪದರಗಳನ್ನು 2007ರ ನಂತರ ಹೊರತೆಗೆದಾಗ, ಬೆಳಕಿನ ಕಣಗಳು ಆ ವಸ್ತುವಿಗೆ ಬಡಿದು ಹುಟ್ಟಿಸುತ್ತಿದ್ದ ಬೇಡದ ಎಲೆಕ್ಟ್ರಾನುಗಳ ಕಾಟ ಎಷ್ಟೋ ಪಟ್ಟು ಕುಗ್ಗಿತು. ಡಿಟೆಕ್ಟರ್ ತೆಗೆದರೆ ಅಳತೆ ಸುಧಾರಿಸಿತು ಎಂಬುದು ಕಟ್ಟಿದವರಿಗೆ ನುಂಗಲಾರದ ತುತ್ತು.

ಉತ್ತರ ಬಂದದ್ದು ಕ್ಯಾಮೆರಾದಿಂದ. ಮೊಬೈಲಿನ ಕ್ಯಾಮೆರಾದಲ್ಲಿರುವ ಸಿಮೋಸ್ ಚಿಪ್ಪಿನಲ್ಲಿ ಗ್ರಹಿಸುವ ಭಾಗವೂ ಓದುವ ಭಾಗವೂ ಒಂದೇ ಸಿಲಿಕಾನ್ ತುಂಡು. ಎರಡನ್ನು ಬೆಸೆಯುವ ರಗಳೆಯೇ ಇಲ್ಲ. ಅದೇ ಚಿಪ್ ಕಣಗಳನ್ನೂ ಹಿಡಿಯಬಲ್ಲದೆಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಾರ್ಕ್ ವಿಂಟರ್ ಮತ್ತು ಸಂಗಡಿಗರು 1999ರ ಹೊತ್ತಿಗೆ ಮಿಮೋಸಾ ಎಂಬ ಮಾದರಿಯಿಂದ ತೋರಿಸಿದರು. ಅವರ ಕಣ್ಣಿದ್ದದ್ದು ಮುಂದೆಂದೋ ಬರಬೇಕಿದ್ದ ಎಲೆಕ್ಟ್ರಾನ್ ಕೊಲೈಡರಿನ ಮೇಲೆ. ಸಂಕೇತ ಸಣ್ಣದು, ಏಕೆಂದರೆ ಎಲೆಕ್ಟ್ರಾನುಗಳು ಹುಟ್ಟುವುದು ಮೇಲಿನ ಹತ್ತಿಪ್ಪತ್ತು ಮೈಕ್ರಾನಿನ ಪದರದಲ್ಲಿ ಮಾತ್ರ. ಓದುವುದೂ ನಿಧಾನ. ವಿಕಿರಣಕ್ಕೆ ತಾಳಿಕೆ ಕಡಿಮೆ. ಸೆಕೆಂಡಿಗೆ ನಾಲ್ಕು ಕೋಟಿ ಬಾರಿ ಕಿರಣಗಳು ಹಾಯುವ ಅಟ್ಲಾಸ್‌ನಂಥ ಪ್ರಯೋಗದವರು ಇದನ್ನು ತಿರುಗಿಯೂ ನೋಡುವಂತಿರಲಿಲ್ಲ. ಭಾರ ಅಯಾನಿನವರ ಡಿಕ್ಕಿಗಳು ಸೆಕೆಂಡಿಗೆ ಕೆಲವು ಸಾವಿರ. ಅವರಿಗೆ ವೇಗ ಅಷ್ಟು ಮುಖ್ಯವಲ್ಲ, ತೆಳು ಮುಖ್ಯ. ಬಡವರ ಆಯ್ಕೆಯಂತೆ ಕಂಡದ್ದು ಅವರ ಪಾಲಿಗೆ ಹೇಳಿ ಮಾಡಿಸಿದಂತಿತ್ತು.

ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಹೋವರ್ಡ್ ವೀಮನ್, ಲಿಯೋ ಗ್ರೈನರ್ ಮೊದಲಾದವರು ಸ್ಟ್ರಾಸ್‌ಬರ್ಗಿನ ಚಿಪ್‌ಗಳನ್ನು ತಂದು ಸ್ಟಾರ್ ಪ್ರಯೋಗಕ್ಕೆ ಎರಡು ಪದರದ ಪಿಕ್ಸೆಲ್ ಡಿಟೆಕ್ಟರ್ ಕಟ್ಟಿದರು. 400 ಚಿಪ್‌ಗಳು, 35.6 ಕೋಟಿ ಪಿಕ್ಸೆಲ್‌ಗಳು, ಒಂದೊಂದರ ಅಗಲ 20.7 ಮೈಕ್ರಾನ್. ಚಿಪ್‌ಗಳನ್ನು 50 ಮೈಕ್ರಾನಿಗೆ ಉಜ್ಜಿ ತೆಳು ಮಾಡಿದ್ದರು. ತಣಿಸಲು ನೀರಿಲ್ಲ, ಬೀಸುವ ಗಾಳಿ ಮಾತ್ರ. 2014ರಲ್ಲಿ ಚಿನ್ನದ ಕಿರಣ ಬಂತು, ಮೊದಲ ಹದಿನೈದು ದಿನಗಳಲ್ಲೇ ಚಿಪ್‌ಗಳು ಒಂದೊಂದಾಗಿ ಕೆಡತೊಡಗಿದವು. ಜೋರಾಗಿ ಬಡಿದ ಕಣವೊಂದು ಚಿಪ್ಪಿನೊಳಗೆ ಬೇಡದ ವಿದ್ಯುತ್ ದಾರಿ ತೆರೆಯುತ್ತಿತ್ತು. ಅಲ್ಲಿ ಕರೆಂಟು ಏರಿ ಲೋಹದ ಎಳೆಗಳು ಸುಡುತ್ತಿದ್ದವು. ಬರ್ಕ್‌ಲಿಯ ಸೈಕ್ಲೋಟ್ರಾನಿನಲ್ಲಿ ಭಾರ ಅಯಾನುಗಳನ್ನು ಹಾಯಿಸಿ ಪರೀಕ್ಷಿಸಿದಾಗ ತಿಳಿದದ್ದು: ಹೀಗೆ ಸುಡುವುದು ತೆಳು ಮಾಡಿದ ಚಿಪ್‌ಗಳು ಮಾತ್ರ. ಯಾವ ಗುಣಕ್ಕಾಗಿ ಇಷ್ಟು ಪಾಡುಪಟ್ಟಿದ್ದರೋ ಅದೇ ಕುತ್ತಿಗೆಗೆ ಬಂದಿತ್ತು. ಕರೆಂಟು ಸ್ವಲ್ಪ ಏರಿದರೂ ಕೂಡಲೇ ಕಡಿಯುವಂತೆ ಮಿತಿಗಳನ್ನು ಬಿಗಿಮಾಡಿ, ನಿಗದಿತ ಹೊತ್ತಿಗೊಮ್ಮೆ ಎಲ್ಲ ಚಿಪ್‌ಗಳನ್ನೂ ಆರಿಸಿ ಹೊತ್ತಿಸುತ್ತ ಕೆಲಸ ಸಾಗಿಸಿದರು. 2016ರವರೆಗೆ ಓಡಿತು. ಭಾರವಾದ ಚಾರ್ಮ್ ಕ್ವಾರ್ಕು ಕೂಡ ಆ ರಸದ ಹರಿವಿನೊಂದಿಗೆ ಹಗುರ ಕ್ವಾರ್ಕುಗಳಂತೆಯೇ ತೇಲಿ ಹೋಗುತ್ತದೆಂದು ಅದರ ದತ್ತಾಂಶ ತೋರಿಸಿತು.

ಆಲಿಸ್ ಮುಂದಿನ ಹೆಜ್ಜೆ ಇಟ್ಟಿತು, ಅದೂ ಹಳೆಯದನ್ನೆಲ್ಲ ಬಿಚ್ಚಿ. ಹಳೆಯ ಸಿಮೋಸ್ ಪಿಕ್ಸೆಲ್‌ನಲ್ಲಿ ಒಂದು ಜಾತಿಯ ಟ್ರಾನ್ಸಿಸ್ಟರುಗಳನ್ನು ಇಡುವಂತಿರಲಿಲ್ಲ; ಇಟ್ಟರೆ ಅವೇ ಎಲೆಕ್ಟ್ರಾನುಗಳನ್ನು ಕದಿಯುತ್ತಿದ್ದವು. ಟವರ್‌ಜಾಜ್ ಕಂಪನಿಯ 180 ನ್ಯಾನೋಮೀಟರ್ ತಯಾರಿಕೆಯಲ್ಲಿ ಟ್ರಾನ್ಸಿಸ್ಟರಿನ ಕೆಳಗೆ ಆಳವಾದ ಇನ್ನೊಂದು ಪದರ ಹಾಸಿ ಆ ಕಳ್ಳತನ ತಡೆಯುವ ಸೌಲಭ್ಯವಿತ್ತು. ಹಾಗಾಗಿ ಪ್ರತಿ ಪಿಕ್ಸೆಲ್‌ನೊಳಗೇ ಪೂರ್ಣ ಪ್ರಮಾಣದ ವರ್ಧಕ, ಹೌದು-ಅಲ್ಲ ಎನ್ನುವ ತೀರ್ಪುಗಾರ, ನೆನಪು ಎಲ್ಲ ಕೂತವು. ಕಣ ಬಂದ ಪಿಕ್ಸೆಲ್ ಮಾತ್ರ ಬಾಯಿಬಿಡುತ್ತದೆ, ಉಳಿದವು ಸುಮ್ಮನಿರುತ್ತವೆ. ವಿದ್ಯುತ್ ಉಳಿತಾಯವಾದದ್ದು ಹೀಗೆ. ವಿದ್ಯುತ್ ಕಡಿಮೆಯಾದರೆ ತಂತಿ ತೆಳು, ಕೊಳವೆ ತೆಳು, ಚೌಕಟ್ಟು ತೆಳು. ಆಲ್ಪೈಡ್ ಎಂಬ ಈ ಚಿಪ್ 15 ಮಿಲಿಮೀಟರ್ ಅಗಲ, 30 ಉದ್ದ. ಅದರಲ್ಲಿ ಐದು ಲಕ್ಷಕ್ಕೂ ಮೀರಿ ಪಿಕ್ಸೆಲ್‌ಗಳು. ಲೂಚಾನೋ ಮೂಸಾ ನೇತೃತ್ವದ ಯೋಜನೆ ಇಂಥ 24,120 ಚಿಪ್‌ಗಳನ್ನು ಏಳು ಪದರಗಳಲ್ಲಿ ಜೋಡಿಸಿತು. ಒಟ್ಟು 1,250 ಕೋಟಿ ಪಿಕ್ಸೆಲ್, ಹತ್ತು ಚದರ ಮೀಟರ್ ಹರವು. ಕಿರಣದ ಕೊಳವೆಯನ್ನೂ ಕಿರಿದು ಮಾಡಿ ಒಳಪದರವನ್ನು 22 ಮಿಲಿಮೀಟರ್ ಹತ್ತಿರಕ್ಕೆ ತಂದರು. ಚಿಪ್‌ಗಳ ಜೋಡಣೆ ಇಟಲಿಯ ಬಾರಿಯಿಂದ ಚೀನಾದ ವುಹಾನ್‌ವರೆಗೆ ಹಂಚಿಹೋಗಿತ್ತು. ಒಳಪದರದ ಅಡಚಣೆ ಮೊದಲಿನ ಮೂರನೇ ಒಂದಕ್ಕಿಂತ ಕಡಿಮೆಯಾಯಿತು. 2021ರ ಮೇ ಹೊತ್ತಿಗೆ ಎಲ್ಲವೂ ನೆಲದಾಳದ ಗುಹೆಗೆ ಇಳಿದಿತ್ತು. 2023ರ ಸೀಸದ ಓಟದಲ್ಲಿ ಆಲಿಸ್ ಸುಮಾರು 1,200 ಕೋಟಿ ಡಿಕ್ಕಿಗಳನ್ನು ದಾಖಲಿಸಿತು, 2010ರಿಂದ 2018ರವರೆಗಿನ ಒಟ್ಟು ಮೊತ್ತದ ನಲವತ್ತು ಪಟ್ಟು.

ಇದರಲ್ಲಿ ಕಳೆದುಕೊಂಡದ್ದೂ ಇದೆ. ಹಳೆಯ ಡ್ರಿಫ್ಟ್ ಮತ್ತು ಪಟ್ಟಿಯ ಪದರಗಳು ಕಣ ಎಷ್ಟು ಎಲೆಕ್ಟ್ರಾನ್ ಬಿಡಿಸಿತೆಂದು ಅಳೆಯುತ್ತಿದ್ದವು. ಅದರಿಂದ ನಿಧಾನದ ಕಣ ಪಯಾನೋ ಪ್ರೋಟಾನೋ ಎಂದು ಗುರುತಿಸಬಹುದಿತ್ತು. ಆಲ್ಪೈಡ್ ಹೌದು, ಅಲ್ಲ ಅಷ್ಟೇ ಹೇಳುತ್ತದೆ. ಹಳೆಯ ಯಂತ್ರ ಎಷ್ಟೇ ಪ್ರಯತ್ನಿಸಿದರೂ ಸೆಕೆಂಡಿಗೆ ಸಾವಿರ ಡಿಕ್ಕಿಗಿಂತ ಹೆಚ್ಚು ಓದಲಾರದು, ಹೊಸದಕ್ಕೆ ಐವತ್ತು ಸಾವಿರ ಬೇಕಿತ್ತು. ಆ ಲೆಕ್ಕದೆದುರು ಗುರುತಿನ ಸೌಲಭ್ಯ ಸೋತಿತು. ಸರಿಯಾದ ವ್ಯಾಪಾರವೇ, ಆದರೆ ಗಾಟ್ಟಿ, ರೆಹಾಕರ ಜಾಣತನ ಆಲಿಸ್‌ನಿಂದ ಹೀಗೆ ಹೊರಬಿದ್ದದ್ದಕ್ಕೆ ಒಂದಿಷ್ಟು ಬೇಸರ ಪಡಲು ಅಡ್ಡಿಯಿಲ್ಲ.

ಕನ್ನಡ ನಾಡಿಗೂ ಈ ಸಿಲಿಕಾನಿಗೂ ಒಂದು ನಂಟಿದೆ, ತುಸು ಓರೆಯಾದದ್ದು. ಆಲಿಸ್‌ನಲ್ಲಿ ಭಾರತೀಯ ತಂಡಗಳು ಮೊದಲಿಂದ ಇದ್ದರೂ ಅವರ ದುಡಿಮೆ ಬಹುತೇಕ ಅನಿಲದ ಡಿಟೆಕ್ಟರುಗಳದ್ದು. ಕೋಲ್ಕತ್ತಾದಲ್ಲಿ ರೂಪುಗೊಂಡ ಫೋಟಾನ್ ಎಣಿಕೆಯ ಯಂತ್ರ ಅದರಲ್ಲಿ ಹೆಸರುವಾಸಿ. ಸಿಲಿಕಾನ್ ಬಂದದ್ದು ಪಕ್ಕದ ಸಿಎಂಎಸ್ ಪ್ರಯೋಗದ ಮೂಲಕ. ಸೀಸದ ಡಿಕ್ಕಿಗಳನ್ನು ಅದೂ ದಾಖಲಿಸುತ್ತದೆ. ಅದರ ಪ್ರೀಶವರ್ ಡಿಟೆಕ್ಟರಿಗೆ ಬೇಕಾದ, 63 ಮಿಲಿಮೀಟರ್ ಚೌಕದ, 32 ಪಟ್ಟಿಗಳ ಬಿಲ್ಲೆಗಳಲ್ಲಿ ಸುಮಾರು ಒಂದು ಸಾವಿರವನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿನ್ಯಾಸದಂತೆ ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಸೇನೆಗೆ ರೇಡಾರು, ಚುನಾವಣೆಗೆ ಮತಯಂತ್ರ ಮಾಡುವ ಕಾರ್ಖಾನೆ ಎಂದಷ್ಟೇ ನಾವು ಬಲ್ಲ ಬಿಇಎಲ್. ಪ್ರೀಶವರ್ ಜಾಡು ಹಿಡಿಯುವ ಡಿಟೆಕ್ಟರಲ್ಲ, ಬೆಳಕಿನ ಕಣಗಳ ಶಕ್ತಿ ಅಳೆಯುವ ಯಂತ್ರದ ಮುಂಭಾಗ, ನಿಜ. ಆದರೂ ಕುಲುಮೆಯ ಶುಚಿ, ಒಸರುವ ವಿದ್ಯುತ್ತಿನ ಮಿತಿ, ಪಟ್ಟಿಗಳ ಕೊರೆತದ ಶಿಸ್ತು ಎಲ್ಲ ಕೆಮ್ಮರ್ ಹಾಕಿಕೊಟ್ಟ ದಾರಿಯದ್ದೇ. ಆಲಿಸ್ ಈಗ ಕಟ್ಟಲಿರುವ ಫೋಕಲ್ ಎಂಬ ಕ್ಯಾಲರಿಮೀಟರಿಗಾಗಿ ಭಾರತೀಯ ತಂಡಗಳು ಸಿಲಿಕಾನ್ ಪ್ಯಾಡ್‌ಗಳ ಮಾದರಿಗಳನ್ನು ಮಾಡಿಸಿದ್ದೂ ಅಲ್ಲೇ.

ಜಾಡು ಹಿಡಿಯುವವರ ಹಟ ಇನ್ನೂ ಮುಗಿದಿಲ್ಲ. 2021ರ ಯಂತ್ರದ ಒಳಪದರಗಳನ್ನು ತೂಗಿ ನೋಡಿದರೆ ಅಡಚಣೆಯಲ್ಲಿ ಸಿಲಿಕಾನಿನ ಪಾಲು ಏಳರಲ್ಲಿ ಒಂದು. ಉಳಿದ ಆರು ಪಾಲು ಅದನ್ನು ಹೊತ್ತು, ತಣಿಸಿ, ಉಣಿಸುವ ಪರಿವಾರದ್ದು. ಪರಿವಾರವನ್ನೇ ಕಳಿಸಿಬಿಟ್ಟರೆ? 50 ಮೈಕ್ರಾನಿಗಿಂತ ತೆಳುವಾದ ಸಿಲಿಕಾನ್ ಗಾಜಿನಂತೆ ಒಡೆಯುವುದಿಲ್ಲ, ಕಾಗದದಂತೆ ಬಾಗುತ್ತದೆ. ಬಾಗಿಸಿ ಕೊಳವೆಯಾಕಾರ ಮಾಡಿದರೆ ತನ್ನ ಆಕಾರದ ಬಲದಿಂದಲೇ ನಿಲ್ಲುತ್ತದೆ. ಅಂಚುಗಳಲ್ಲಿ ಇಂಗಾಲದ ನೊರೆಯ ತೆಳುವಾದ ಆಸರೆ ಸಾಕು. 2020ರಲ್ಲಿ ಆಲ್ಪೈಡ್ ಚಿಪ್ಪನ್ನೇ ಬಾಗಿಸಿ ಜರ್ಮನಿಯ ಡೆಸಿ ಪ್ರಯೋಗಾಲಯದ ಕಿರಣಕ್ಕೆ ಒಡ್ಡಿದರು. ಬಾಗಿದ್ದರೂ ಕಣಗಳನ್ನು ಬಿಡದೆ ಹಿಡಿಯಿತು. ಇನ್ನು ಚಿಪ್‌ಗಳನ್ನು ಜೋಡಿಸುವ ತಂತಿಹಲಗೆ ಬೇಡವೆಂದರೆ ಚಿಪ್ಪೇ ದೊಡ್ಡದಾಗಬೇಕು, ಸುಮಾರು 26 ಸೆಂಟಿಮೀಟರ್ ಉದ್ದ. ಅಷ್ಟು ದೊಡ್ಡ ಚಿತ್ರವನ್ನು ಒಮ್ಮೆಗೇ ಸಿಲಿಕಾನ್ ಮೇಲೆ ಅಚ್ಚೊತ್ತುವ ಯಂತ್ರವಿಲ್ಲ. ತುಂಡು ತುಂಡಾಗಿ ಅಚ್ಚೊತ್ತಿ ಗಡಿಗಳಲ್ಲಿ ಹೊಲಿಯಬೇಕು. ಒಂದು ಧೂಳಿನ ಕಣ ಕೂತರೂ ಇಡೀ ಬಿಲ್ಲೆ ಹಾಳಾಗುವ ಅಪಾಯ, ಆದ್ದರಿಂದ ಕೆಟ್ಟ ಭಾಗವನ್ನು ಮಾತ್ರ ಆರಿಸುವಂತೆ ವಿನ್ಯಾಸ. 65 ನ್ಯಾನೋಮೀಟರ್ ತಂತ್ರದ ಮೊದಲ ಹೊಲಿದ ಮಾದರಿಗಳು 2023ರಲ್ಲಿ ಕೈಗೆ ಬಂದು ಕೆಲಸ ಮಾಡಿದವು.

ಎಲ್‌ಎಚ್‌ಸಿಯ ಮುಂದಿನ ದೀರ್ಘ ಬಿಡುವಿನಲ್ಲಿ ಇವನ್ನು ಕಿರಣದಿಂದ 19 ಮಿಲಿಮೀಟರ್ ದೂರದಲ್ಲಿ ಸುತ್ತಿ ಕೂರಿಸುವ ಯೋಜನೆ. ಒಂದು ಪದರದ ಅಡಚಣೆ ನೂರು ಮೈಕ್ರಾನ್ ಸಿಲಿಕಾನಿಗೂ ಕಡಿಮೆ, ತಣಿಸಲು ಗಾಳಿ. 2021ರಲ್ಲಿ ಒಳಗಿನ ಮೂರು ಪದರಗಳಿಗೆ 432 ಚಿಪ್ ಬೇಕಾಗಿದ್ದವು. ಈ ಬಾರಿ ಅದೇ ಮೂರು ಪದರಗಳಿಗೆ ಆರು ಸಾಕು.